ಟ್ಯಾಮ್ಸಿನ್ ಹೊಲಿದ ಆರು ಅಂಗಿ

ಅಂಗಿಯ ತೋಳಿನಲ್ಲಿದ್ದ, ಬಟಾಣಿ ಕಾಳಿನಷ್ಟೂ ಇಲ್ಲದ ಒಂದು ತೂತನ್ನು ಜೋರಿ ಪ್ಯಾಸ್ಕೋ ಯುದ್ಧದಲ್ಲಿ ತಿಂದ ಗಾಯದಂತೆ ಎಲ್ಲರಿಗೂ ತೋರಿಸುತ್ತ ತಿರುಗುತ್ತಿದ್ದ. ಬೆಳಗಿನ ಒಂಬತ್ತೂವರೆ. ಪೋರ್ತ್‌ವೀರ್ ಬಂದರಿನ ಕಟ್ಟೆಯ ಮೇಲೆ, ಬಿಳಿ ಡೇರೆಗಳ ನಡುವೆ ಒಲೆ ಹೊತ್ತಿ ಚಹಾ ಒಂದು ಸುತ್ತು ಮುಗಿದಿತ್ತು. ಜೋರಿಯ ಒಂದು ಕೈಯಲ್ಲಿ ಅರ್ಧ ತಿಂದ ಪ್ಯಾಸ್ಟಿ ಕಡುಬು, ಬಾಯಿ ತುಂಬ ಆಲೂಗಡ್ಡೆ. ಇನ್ನೊಂದು ತೋಳು ಮುಂದಕ್ಕೆ ಚಾಚಿತ್ತು.

"ನಿನ್ನೆ ಸಂಜೆ ತೋಪು ನನಗೆ ಮುತ್ತು ಕೊಟ್ಟಿದ್ದು ನೋಡಿ," ಅಂದ. "ಹೆಂಡ್ತಿ ಕೊಟ್ಟು ನಾಲ್ಕು ವರ್ಷ ಆಯ್ತು. ಇದಾದ್ರೂ ಕೊಡ್ತಲ್ಲ."

ಎಲ್ಲರೂ ನಕ್ಕರು. ಟ್ಯಾಮ್ಸಿನ್ ಕಿಟ್ಟೋ ಕೂಡ ನಗುತ್ತಲೇ ಸೂಜಿಗೆ ದಾರ ಪೋಣಿಸಿಕೊಂಡಳು. ಆ ಅಂಗಿ ಅವಳು ಹೊಲಿದದ್ದು. ಉತ್ಸವಗಳಲ್ಲಿ ಹಳೇ ಕಾಲದ ನಾವಿಕರ ವೇಷದಲ್ಲಿ ತೋಪು ಹಾರಿಸುವ ತಂಡದ ಆರೂ ಜನರ ಮೈಮೇಲಿದ್ದ ನೀಲಿ ಬಿಳಿ ಚೌಕಳಿ ಅಂಗಿಗಳು ಅವಳ ಕೈಯವೇ. ಚಳಿಗಾಲವಿಡೀ ಕಿಟಕಿಯ ಪಕ್ಕ ಕೂತು, ದಾರಕ್ಕೆ ಜೇನುಮೇಣ ಸವರಿ, ಇಂಚಿಗೆ ಹನ್ನೆರಡರಂತೆ ಹಾಕಿದ ಹೊಲಿಗೆ.

"ಕೊಡೋ ಇಲ್ಲಿ. ಜಿಡ್ಡು ಕೈಯಲ್ಲಿ ಮುಟ್ಟಬೇಡ," ಎಂದು ಅವನ ತೋಳು ಎಳೆದುಕೊಂಡಳು. ತೂತಿನ ಅಂಚಿನ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದಳು. ಉಗುರಿಗೆ ಏನೋ ಗಟ್ಟಿಯಾಗಿ ತಡೆಯಿತು.

ಅಗಸೆ ನಾರಿನ ಲಿನನ್ ಬಟ್ಟೆಗೆ ಕಿಡಿ ತಾಗಿದರೆ ಅಂಚು ಕಂದಾಗುತ್ತದೆ, ಉಗುರು ಸೋಕಿದರೆ ಪುಡಿಯಾಗಿ ಉದುರುತ್ತದೆ. ಇದು ಉದುರಲಿಲ್ಲ. ಆರಿದ ಸಕ್ಕರೆ ಪಾಕದ ಹಾಗೆ ಗಟ್ಟಿಯಾಗಿ ಅಂಚಿಗೆ ಕಚ್ಚಿಕೊಂಡಿತ್ತು. ಟ್ಯಾಮ್ಸಿನ್ ಇನ್ನೊಮ್ಮೆ ಉಗುರು ಆಡಿಸಿದಳು. ಮತ್ತೆ ತಡೆಯಿತು. ತೋಳು ಮೇಲಕ್ಕೆ ಮಡಚಿ ನೋಡಿದರೆ ಜೋರಿಯ ಚರ್ಮದ ಮೇಲೆ ಅದೇ ಜಾಗದಲ್ಲಿ ಹಸಿ ಕೆಂಪು ಚುಕ್ಕೆ.

"ಇದೇನಾಯ್ತು?"

"ಅಲ್ಲೊಂದು ಕರೀ ಕಾಳು ಅಂಟ್ಕೊಂಡಿತ್ತು. ಕಿತ್ತೆ. ಸ್ವಲ್ಪ ಚರ್ಮಾನೂ ಬಂತು," ಅಂದ ಜೋರಿ. "ಸೊಳ್ಳೆ ಕಚ್ಚಿದಷ್ಟೂ ನೋವಾಗ್ಲಿಲ್ಲ, ಬಿಡಿ ಅಡ್ಮಿರಲಮ್ಮ."

ಟ್ಯಾಮ್ಸಿನ್ ತೂತಿಗೆ ತೇಪೆ ಹಾಕಿದಳು. ಕೈ ಅದರ ಪಾಡಿಗೆ ಅದು ಹೊಲಿಯಿತು, ನಲವತ್ತೇಳು ವರ್ಷದ ಅಭ್ಯಾಸ. ಮಧ್ಯಾಹ್ನ ಮೂರು ಗಂಟೆಗೆ ತೋಪು ಹಾರಬೇಕು. ಬಂದರಿನ ಉತ್ಸವಕ್ಕೆ ಬಂದ ಎರಡು ಸಾವಿರ ಜನ ಹಗ್ಗದ ಆಚೆ ನಿಂತು ನೋಡುತ್ತಾರೆ. ತೋಪಿನ ಬಾಯಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುವವಳು ಅವಳ ಮಗಳು ಕೆರೆನ್ಸಾ, ಅದೇ ಬಟ್ಟೆಯ ಅಂಗಿ ತೊಟ್ಟು.

ಟ್ಯಾಮ್ಸಿನ್ ಹೆದರುವ ಹೆಂಗಸಲ್ಲ, ಹೆದರಿಸುವವಳು ಎಂದೇ ಊರೆಲ್ಲ ನಂಬಿತ್ತು. ಹದಿನಾರು ವರ್ಷಕ್ಕೆ ಪೆನ್ರಿನ್‌ನ ಹಾಯಿ ಹೊಲಿಯುವ ಅಟ್ಟಕ್ಕೆ ಕೆಲಸಕ್ಕೆ ಸೇರಿದವಳು. ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡು ಸೂಜಿಯನ್ನು ದಪ್ಪ ಕ್ಯಾನ್ವಾಸಿಗೆ ನುಗ್ಗಿಸುವುದನ್ನು ಅಲ್ಲಿ ಗಂಡಸರ ಸಮಕ್ಕೆ ಕಲಿತಳು. ಅಟ್ಟ ಮುಚ್ಚಿತು. ಗಂಡ ಪ್ಲಿಮತ್‌ನಲ್ಲಿ ಬೇರೊಂದು ಸಂಸಾರ ಹೂಡಿದ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದು ಮಗಳನ್ನು ಬೆಳೆಸಿದಳು. ಇಪ್ಪತ್ತೆರಡು ವರ್ಷದ ಹಿಂದೆ ಇದೇ ಉತ್ಸವಕ್ಕೆ ಬಂದಿದ್ದು, ವಯಸ್ಸಾದ ಗಂಡಸರು ಇನ್ನೂರು ವರ್ಷದ ಹಿಂದಿನ ನಾವಿಕರ ವೇಷ ಹಾಕಿ ತೋಪು ಹಾರಿಸುವುದನ್ನು ನೋಡಿ ನಗೋಣವೆಂದು. ನಗು ಬರಲಿಲ್ಲ, ಸಿಟ್ಟು ಬಂತು. ಹಗ್ಗ ದಾಟಿ ಒಳಗೆ ನಡೆದು, ಒಬ್ಬ ದಪ್ಪ ನಾವಿಕನ ಷರಾಯಿಯ ಅಂಚು ಎಳೆದು, "ಆಗಿನ ಕಾಲದ ಹಡಗಿನಲ್ಲಿ ಹೊಲಿಗೆ ಮಿಷನ್ ಇತ್ತೇನಪ್ಪ?" ಎಂದು ಕೇಳಿದಳು.

ತಂಡದ ಮುಖ್ಯಸ್ಥ ಹಾಸ್ಕೆನ್ ಆಗ ದೋಣಿ ಕಂಪನಿಯೊಂದರಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದ. ಕಡಿಮೆ ಮಾತಿನವನು. "ಹಾಗಾದ್ರೆ ನೀವೇ ಹೊಲ್ಕೊಡಿ ತಾಯಿ," ಅಂದ. ಅಷ್ಟೇ. ಅಂದಿನಿಂದ ಆ ತಂಡದ ಮೈಮೇಲೆ ಬಿದ್ದ ಪ್ರತಿಯೊಂದು ಅಂಗಿ, ಅಗಲ ಕಾಲಿನ ಷರಾಯಿ, ನೀಲಿ ಉಣ್ಣೆಯ ಗಿಡ್ಡ ಕೋಟು, ಕುತ್ತಿಗೆಯ ಕರವಸ್ತ್ರ, ಎಲ್ಲವೂ ಟ್ಯಾಮ್ಸಿನ್ ಹೊಲಿದದ್ದು ಇಲ್ಲವೇ ಟ್ಯಾಮ್ಸಿನ್ ಒಪ್ಪಿದ್ದು. ಒಪ್ಪದ್ದನ್ನು ಅವಳು ಬಿಡುತ್ತಿರಲಿಲ್ಲ. ಒಬ್ಬನ ಷರಾಯಿಯಲ್ಲಿ ಮಿಷನ್ ಹೊಲಿಗೆ ಕಂಡು, ಅವನು ಅದರೊಳಗೆ ಇರುವಾಗಲೇ ಕತ್ತರಿ ಹಾಕಿ ತೊಡೆಯವರೆಗೆ ಬಿಚ್ಚಿದ್ದಳು. ಅಡ್ಮಿರಲಮ್ಮ ಎಂಬ ಹೆಸರು ಅವತ್ತು ಬಿತ್ತು. ಆ ಹೆಸರು ಅವಳಿಗೆ ಇಷ್ಟ. ಇಷ್ಟವೆಂದು ಯಾರಿಗೂ ತೋರಿಸಿಕೊಂಡಿರಲಿಲ್ಲ.

ಚೆಂದಕ್ಕಷ್ಟೇ ಹಿಡಿದ ಹಟವಲ್ಲ ಅದು. ಹನ್ನೊಂದು ವರ್ಷದ ಹಿಂದೆ ಬೇರೊಂದು ಬಂದರಿನಲ್ಲಿ, ಬೇರೊಂದು ತಂಡದ ತೋಪು ಹಾರಿದಾಗ ಟ್ಯಾಮ್ಸಿನ್ ಹತ್ತು ಹೆಜ್ಜೆ ದೂರದಲ್ಲಿದ್ದಳು. ತೋಪಿಗೆ ಗುಂಡು ಹಾಕುವುದಿಲ್ಲ, ಬರೀ ಕರಿಮದ್ದು. ಆದರೂ ಕಿಡಿ ಹಾರುತ್ತದೆ. ಒಬ್ಬನ ಕಾಲರಿಗೆ ಬಿತ್ತು. ನೋಡಲು ಹಳೇ ಕಾಲದ ಲಿನನ್ನಿನಂತೆಯೇ ಇದ್ದ ಅಂಗಿ, ಅರ್ಧ ಪಾಲಿಯೆಸ್ಟರ್. ಬಟ್ಟೆ ಉರಿಯುವ ಮೊದಲೇ ಕರಗಿತು. ಕರಗಿ ಕುತ್ತಿಗೆಗೆ ಮೆತ್ತಿಕೊಂಡಿತು. ಅವನ ತಲೆ ಹಿಡಿದುಕೊಂಡವಳು ಟ್ಯಾಮ್ಸಿನ್. ಅಂಗಿ ಬಿಚ್ಚಲು ಹೋದಾಗ ಅದರ ಜೊತೆ ಏನು ಬಂತೆಂದು ಅವಳು ಕಂಡಳು, ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಅವತ್ತಿನಿಂದ ಹೊಸ ಬಟ್ಟೆ ಯಾವುದೇ ಬರಲಿ, ಅದರಿಂದ ನಾಲ್ಕು ಎಳೆ ಕಿತ್ತು, ಮೇಣದಬತ್ತಿಗೆ ಹಿಡಿದು, ಹೊಗೆ ಮೂಸಿ ನೋಡದೆ ಕತ್ತರಿ ಹಾಕುತ್ತಿರಲಿಲ್ಲ. ಲಿನನ್ ಸುಟ್ಟರೆ ಕಾಗದ ಸುಟ್ಟ ವಾಸನೆ, ಉಣ್ಣೆಗೆ ಕೂದಲಿನದು, ಪಾಲಿಯೆಸ್ಟರಿಗೆ ಸಿಹಿ ಬೆರೆತ ಪ್ಲಾಸ್ಟಿಕ್ಕಿನದು. ತೋಪು ಹಾರುವ ಮೊದಲು ಪ್ರತಿಯೊಬ್ಬರ ಬಟ್ಟೆ ನೋಡಿ ಸರಿ ಎನ್ನುವ ಕೆಲಸವನ್ನೂ ಹಾಸ್ಕೆನ್ ಅವಳಿಗೇ ವಹಿಸಿದ. ಅವಳು ಬೇಡ ಅಂದವರು ತೋಪಿನ ಬಳಿ ಹೋಗುವಂತಿಲ್ಲ.

ಇನ್ನು ಯಾರಿಗೂ ಗೊತ್ತಿಲ್ಲವೆಂದು ಅವಳು ಅಂದುಕೊಂಡಿದ್ದ ಸಂಗತಿ. ಕೊರೊನಾ ಬಂದು ಹೋದ ಮೇಲೆ ಟ್ಯಾಮ್ಸಿನ್‌ಗೆ ವಾಸನೆ ತಿಳಿಯುತ್ತಿರಲಿಲ್ಲ. ಮೊದಲ ತಿಂಗಳು ಬರುತ್ತದೆ ಎಂದುಕೊಂಡಳು. ಆರು ತಿಂಗಳು ಕಾದಳು. ಆಮೇಲೆ ಮುಚ್ಚಿಟ್ಟಳು. ಗ್ಯಾಸ್ ಒಲೆ ತೆಗೆಸಿ ಕರೆಂಟಿನ ಒಲೆ ಹಾಕಿಸಿದಳು, ಹಾಲನ್ನು ತಾರೀಕು ನೋಡಿ ಚೆಲ್ಲಿದಳು. ತಂಡದವರು ಹೊಸ ಕಾಲುಚೀಲವನ್ನೋ ಟೋಪಿಯನ್ನೋ ತಂದು ತೋರಿಸಿದರೆ ಎಳೆ ಸುಟ್ಟು, ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿದು, "ಉಣ್ಣೆ. ಆಗಬಹುದು," ಎಂದು ತೀರ್ಪು ಕೊಡುತ್ತಿದ್ದಳು. ಅದು ಬರೀ ನಾಟಕ. ಕಣ್ಣಿನ ಅಂದಾಜು, ಬೆರಳಿನ ಅಂದಾಜಿನ ಮೇಲೆ ಎರಡೂವರೆ ವರ್ಷ ಕಳೆದಿತ್ತು. ಹೇಳಿಬಿಟ್ಟರೆ ತೋಪಿನ ಹತ್ತಿರ ತನಗೇನು ಕೆಲಸ? ಮೂಲೆಯಲ್ಲಿ ಕೂತು ಗುಂಡಿ ಹಚ್ಚುವ ಮುದುಕಿ ಆಗಬೇಕು.

ಈ ಜನವರಿಯಲ್ಲಿ ಆರು ಅಂಗಿಗೆಂದು ಇಟ್ಟ ಹಳೆಯ ಚೌಕಳಿ ಲಿನನ್ ಸಾಲದಾಯಿತು. ಅದನ್ನು ನೇಯುವವರು ನಿಲ್ಲಿಸಿದ್ದರು. ಇಂಟರ್ನೆಟ್ಟಿನಲ್ಲಿ ಯಾರೋ ಒಬ್ಬಾಕೆ ಸತ್ತ ಅತ್ತೆಯ ಪೆಟ್ಟಿಗೆಯಲ್ಲಿ ಸಿಕ್ಕ ಅಪ್ಪಟ ಲಿನನ್ ಎಂದು ಮಾರಲು ಇಟ್ಟಿದ್ದಳು. ತರಿಸಿ ನೋಡಿದರೆ ಬಣ್ಣ, ಚೌಕಳಿ, ಒರಟು ಎಲ್ಲ ಒಂದೇ. ಟ್ಯಾಮ್ಸಿನ್ ಅಡುಗೆಮನೆಯಲ್ಲಿ ಎಳೆ ಕಿತ್ತು ಬತ್ತಿಗೆ ಹಿಡಿದಳು. ಬೂದಿ ಬಂತು. ಬೂದಿಯಲ್ಲಿ ಒಂದು ಪುಟ್ಟ ಹರಳು ಸಿಕ್ಕಿತು, ಮೇಣ ತೊಟ್ಟಿಕ್ಕಿರಬೇಕು ಎಂದುಕೊಂಡಳು. ಕಣ್ಣು ಮುಚ್ಚಿ ಮೂಸಿದಳು. ಏನೂ ಇಲ್ಲ. ಅವಳಿಗೆ ಯಾವಾಗಲೂ ಏನೂ ಇರುತ್ತಿರಲಿಲ್ಲ. "ಒಳ್ಳೇ ಬಟ್ಟೆ," ಎಂದು ತನಗೇ ಗಟ್ಟಿಯಾಗಿ ಹೇಳಿಕೊಂಡಳು. ಮಹಡಿಯ ಮೇಲೆ ಮಗಳಿದ್ದಳು, ಕೂಗಿ ಕರೆದು ಮೂಸಿಸಬಹುದಿತ್ತು. ಕರೆಯಲಿಲ್ಲ.

ಇಸ್ತ್ರಿ ಪೆಟ್ಟಿಗೆ ಒಮ್ಮೆ ತಾಗಿಸಿದ್ದರೂ ಬಟ್ಟೆ ಮುದುಡಿ ನಿಜ ಹೇಳುತ್ತಿತ್ತು. ಆದರೆ ಹಡಗಿನಲ್ಲಿ ಇಸ್ತ್ರಿ ಎಲ್ಲಿತ್ತು? ಟ್ಯಾಮ್ಸಿನ್ ಹೊಲಿಗೆಗಳನ್ನು ಮೂಳೆಯ ತುಂಡಿನಿಂದ ಉಜ್ಜಿ ಮಲಗಿಸುವವಳು. ಕಾಲಕ್ಕೆ ಅಷ್ಟು ನಿಷ್ಠೆ.

ತೇಪೆ ಮುಗಿಸಿ ಅವಳು ಡೇರೆಯೊಳಗೆ ಹೋದಳು. ಬುಟ್ಟಿಯ ತಳದಲ್ಲಿ ಚೂರುಗಳ ಚೀಲವಿತ್ತು. ಒಂದೊಂದೇ ಚೂರನ್ನು ಸೂಜಿಗೆ ಚುಚ್ಚಿ ದೀಪಕ್ಕೆ ಹಿಡಿದಳು. ಮೊದಲನೆಯದು ಬೂದಿಯಾಗಿ ಉದುರಿತು. ಎರಡನೆಯದು ಸುರುಟಿ, ಕಪ್ಪಾಗಿ, ಸೂಜಿಯ ತುದಿಗೆ ಗಂಟಾಗಿ ನಿಂತಿತು. ಮುಟ್ಟಿದಳು. ಬೆರಳಿಗೆ ಅಂಟಿತು, ಸುಟ್ಟಿತು. ಅನುಮಾನಕ್ಕೆ ಇನ್ನು ಜಾಗವಿರಲಿಲ್ಲ.

ಯಾವ ಅಂಗಿ ಕೆಟ್ಟದ್ದು ಎಂದಾದರೂ ತಿಳಿದರೆ ಅದೊಂದನ್ನು ಸದ್ದಿಲ್ಲದೆ ಬಿಚ್ಚಿಸಬಹುದಿತ್ತು. ತಿಳಿಯುವಂತಿರಲಿಲ್ಲ. ಆ ಕಾಲದ ಅಂಗಿಗೆ ಡೊಂಕು ಕತ್ತರಿಕೆ ಇಲ್ಲ, ಎಲ್ಲ ಚೌಕ ಮತ್ತು ಉದ್ದಚೌಕ. ಅವಳು ಎರಡೂ ಬಟ್ಟೆಗಳನ್ನು ಮೊದಲೇ ಕತ್ತರಿಸಿ, ಮೈಯ ತುಂಡುಗಳದೊಂದು ರಾಶಿ, ತೋಳಿನದೊಂದು, ಕಂಕುಳ ಪಟ್ಟಿಯದೊಂದು, ಕಾಲರಿನದೊಂದು ಎಂದು ಪೇರಿಸಿ, ಮೇಲಿಂದ ಮೇಲಿಂದ ಎತ್ತಿಕೊಂಡು ಹೊಲಿದಿದ್ದಳು. ಆರರಲ್ಲೂ ಎಲ್ಲೋ ಒಂದು ಕಡೆ ಕೇಡು ಸೇರಿತ್ತು. ಜೋರಿಗೆ ತೋಳಿನಲ್ಲಿ. ಕೆರೆನ್ಸಾಗೆ ಎಲ್ಲಿ? ಕಾಲರಿನಲ್ಲಿ ಇದ್ದರೆ?

ಹನ್ನೆರಡು ಗಂಟೆಗೆ ಬಟ್ಟೆ ತಪಾಸಣೆ. ಅಷ್ಟರಲ್ಲಿ ಟ್ಯಾಮ್ಸಿನ್ ಒಂದು ಉಪಾಯ ಹುಡುಕಿದ್ದಳು. ಆರೂ ಜನ ಸಾಲಾಗಿ ನಿಂತರು. ಬಿಸಿಲು ಕಲ್ಲಿನ ಕಟ್ಟೆಯಿಂದ ಮುಖಕ್ಕೆ ಹೊಡೆಯುತ್ತಿತ್ತು.

"ಇವತ್ತು ಎಲ್ಲರೂ ಉಣ್ಣೆ ಕೋಟು ಹಾಕ್ಕೊಂಡು, ಕುತ್ತಿಗೆವರೆಗೆ ಗುಂಡಿ ಹಾಕ್ಕೋಬೇಕು," ಅಂದಳು. ಉಣ್ಣೆಗೆ ಕಿಡಿ ಬಿದ್ದರೆ ಅಲ್ಲೇ ನಂದುತ್ತದೆ.

"ಆಗಸ್ಟ್ ತಿಂಗಳಲ್ಲಾ?" ಅಂದ ಜೋರಿ. "ಅಡ್ಮಿರಲಮ್ಮ, ಒಳಗೇ ಬೆಂದು ಪ್ಯಾಸ್ಟಿ ಆಗ್ತೀವಿ."

"ನಾವು ಯಾವ ವರ್ಷದ ವೇಷ ಹಾಕ್ತೀವೋ ಆ ವರ್ಷ ಆಗಸ್ಟ್‌ನಲ್ಲಿ ಬಡಗಣ ಗಾಳಿ ಬೀಸಿ ಚಳಿ ಇತ್ತು. ಹಡಗಿನ ದಿನಚರಿಯಲ್ಲಿ ಬರೆದಿದ್ದಾರೆ. ಓದಿದೀಯಾ ನೀನು?"

"ಇಲ್ಲ."

"ಮತ್ತೆ?"

ಅಂಥ ದಿನಚರಿಯೇ ಇರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದು ಟ್ಯಾಮ್ಸಿನ್‌ಗೇ ಆಶ್ಚರ್ಯವಾಯಿತು. ಗೊಣಗುತ್ತ ಎಲ್ಲರೂ ಡೇರೆಗಳಿಗೆ ಹೋದರು, ಕೋಟು ತೊಟ್ಟು ಹೊರಬಂದರು. ಹಾಸ್ಕೆನ್ ಕೂಡ ಗುಂಡಿ ಹಾಕಿಕೊಂಡ. ಟ್ಯಾಮ್ಸಿನ್ ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಾಯಿತು. ಆಗ ಕೆರೆನ್ಸಾ ಡೇರೆಯಿಂದ ಬಂದಳು, ಚೌಕಳಿ ಅಂಗಿಯಲ್ಲೇ.

"ನಿನ್ನ ಕೋಟೆಲ್ಲಿ?"

"ನಿನ್ನ ಹತ್ರಾನೇ ಇದೆಯಲ್ಲಮ್ಮ. ಸೊಂಟದ ಹೊಲಿಗೆ ಬಿಚ್ಚಿ ಮನೇಲಿ ಕುರ್ಚಿ ಮೇಲೆ ಹಾಕಿದೀಯ. ಹೋದ ವಾರದಿಂದ ಕೇಳ್ತಾ ಇದೀನಿ."

ನಿಜ. ಹೊಲಿಗೆ ಓರೆಯಾಗಿದೆ ಎಂದು ಬಿಚ್ಚಿದವಳು ಟ್ಯಾಮ್ಸಿನ್ನೇ. ಮನೆಗೆ ಒಂದು ಗಂಟೆಯ ದಾರಿ, ಉತ್ಸವಕ್ಕೆಂದು ಬಂದರಿನ ರಸ್ತೆಯನ್ನು ಸಂಜೆವರೆಗೆ ಮುಚ್ಚಿದ್ದರು. ಪಕ್ಕದ ಬಿಡಾರದ ಸಿಪಾಯಿ ವೇಷದವರ ಹತ್ತಿರ ಕೆಂಪು ಕೋಟುಗಳಿದ್ದವು. ನಾವಿಕರ ತೋಪಿನ ಬಾಯಲ್ಲಿ ಕೆಂಪು ಕೋಟಿನವಳನ್ನು ನಿಲ್ಲಿಸಿದರೆ, ಅಡ್ಮಿರಲಮ್ಮನಿಗೆ ಏನಾಯಿತೆಂದು ಬಂದರಿಗೆ ಬಂದರೇ ಕೇಳುತ್ತಿತ್ತು.

ಐದು ಜನರನ್ನು ಮುಚ್ಚಿದ ಉಪಾಯ ಅವಳ ಹೊಟ್ಟೆಯಲ್ಲಿ ಹುಟ್ಟಿದವಳನ್ನು ಮಾತ್ರ ಬಿಟ್ಟಿತ್ತು. ಕೆರೆನ್ಸಾಳದು ಕುಂಚದ ಕೆಲಸ. ಒಂದು ಸಲ ಹಾರಿಸಿದ ಕೂಡಲೇ, ಒದ್ದೆ ಕುರಿಯುಣ್ಣೆ ಕಟ್ಟಿದ ಕೋಲನ್ನು ತೋಪಿನ ಗಂಟಲಿಗೆ ನುಗ್ಗಿಸಿ ಒಳಗಿನ ಕೆಂಡ ನಂದಿಸಬೇಕು. ಅವಳ ಹಿಂದಿನಿಂದ ಇನ್ನೊಬ್ಬ ಮದ್ದಿನ ಚೀಲ ಹಿಡಿದು ಬರುತ್ತಾನೆ. ಮೂತಿಯಿಂದ ಬಿಸಿಯೂ ಕಿಡಿಯೂ ಬರುವುದು ಅವಳ ಕುತ್ತಿಗೆಯ ಮಟ್ಟಕ್ಕೆ. ವರ್ಷವಿಡೀ ಗ್ರಂಥಾಲಯದಲ್ಲಿ ಸದ್ದಿಲ್ಲದೆ ಕೆಲಸ ಮಾಡುವ ಹುಡುಗಿಗೆ ಈ ಜಾಗ ಸಿಕ್ಕಿದ್ದು ಈ ಬೇಸಿಗೆಯಲ್ಲಿ. ಇಪ್ಪತ್ತೊಂಬತ್ತು ತುಂಬಿದ್ದರೂ ಟ್ಯಾಮ್ಸಿನ್‌ಗೆ ಅವಳು ಹುಡುಗಿಯೇ.

ಟ್ಯಾಮ್ಸಿನ್ ಮಗಳ ಮೊಣಕೈ ಹಿಡಿದು ಡೇರೆಯ ಹಿಂದಕ್ಕೆ ಎಳೆದುಕೊಂಡು ಹೋದಳು.

"ಇವತ್ತು ನೀನು ತೋಪಿನ ಹತ್ರ ಹೋಗಬೇಡ. ತಲೆನೋವು ಅಂತ ಹೇಳು."

"ನನಗೆ ತಲೆನೋವಿಲ್ಲ."

"ನಾನು ಹೇಳ್ತಿದೀನಲ್ಲ."

"ಐದು ಜನರಲ್ಲಿ ತೋಪು ಹಾರಲ್ಲ. ಹಾಸ್ಕೆನ್ ಇಡೀ ಆಟಾನೇ ನಿಲ್ಲಿಸ್ತಾನೆ. ಯಾಕೆ ಅಂತ ಹೇಳು, ಆಮೇಲೆ ನೋಡೋಣ."

"ಯಾಕೆ ಅಂತ ಎಲ್ಲಾನೂ ನಿನಗೆ ಹೇಳ್ಬೇಕಾ? ಅಮ್ಮ ಹೇಳಿದ್ಮೇಲೆ ಕೇಳ್ಬೇಕು."

ಕೆರೆನ್ಸಾ ಅಂಗಿಯ ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಕುತ್ತಿಗೆಯಿಂದ ಸ್ವಲ್ಪ ದೂರ ಮಾಡಿದಳು, ಮತ್ತೆ ಬಿಟ್ಟಳು. ಹಾಗೆ ಮಾಡಿದ್ದು ಅವಳಿಗೆ ಗೊತ್ತೇ ಆಗಲಿಲ್ಲವೇನೋ. ಟ್ಯಾಮ್ಸಿನ್‌ಗೆ ಮಾತ್ರ ಆ ಹನ್ನೊಂದು ವರ್ಷದ ಹಿಂದಿನ ಕುತ್ತಿಗೆ ಕಣ್ಣಿಗೆ ಕಟ್ಟಿತು. ಇನ್ನು ಅಡ್ಮಿರಲ್ ಆಗಿ ನಿಲ್ಲುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ನನಗೆ ವಾಸನೆ ಗೊತ್ತಾಗಲ್ಲ ಕಣೇ," ಅಂದಳು. "ಎರಡೂವರೆ ವರ್ಷ ಆಯ್ತು. ಏನೂ ಗೊತ್ತಾಗಲ್ಲ."

"ಗೊತ್ತು," ಅಂದಳು ಕೆರೆನ್ಸಾ.

"ಏನು ಗೊತ್ತು?"

"ನಿನಗೆ ಗೊತ್ತಾಗಲ್ಲ ಅಂತ ಗೊತ್ತು. ಎರಡು ವರ್ಷದ ಹಿಂದೆ ಈಸ್ಟರ್ ದಿನ ಹುಳಿ ಹಿಡಿದ ಕೆನೆ ಬಡಿಸಿ, ಚೆನ್ನಾಗಿದೆಯಾ ಅಂತ ಕೇಳಿದ್ಯಲ್ಲ. ಆವತ್ತಿಂದ. ನಾನು ತಿಂದೆ."

ಟ್ಯಾಮ್ಸಿನ್ ಡೇರೆಯ ಹಗ್ಗ ಹಿಡಿದುಕೊಂಡಳು. ಆಮೇಲೆ ಉಳಿದದ್ದನ್ನೂ ಹೇಳಿದಳು, ಬಟ್ಟೆಯ ಸಂಗತಿ, ಜೋರಿಯ ತೂತು, ಸೂಜಿಯ ತುದಿಯ ಗಂಟು. ತಲೆ ತಗ್ಗಿಸಿ ಹೇಳಿದ್ದರಿಂದ ಮಗಳ ಮುಖ ಬಿಳಿಚಿಕೊಂಡದ್ದು ಅವಳಿಗೆ ಕಾಣಲಿಲ್ಲ. ತಲೆಯೆತ್ತಿದಾಗ ಕೆರೆನ್ಸಾ ಅಳುತ್ತಿದ್ದಳು.

"ಅದೂ ಗೊತ್ತಿತ್ತು ಅಮ್ಮ."

"ಏನೇ?"

"ಜನವರಿಯಲ್ಲಿ. ನೀನು ಅಡುಗೆಮನೇಲಿ ಎಳೆ ಸುಟ್ಯಲ್ಲ, ವಾಸನೆ ಮಹಡಿವರೆಗೂ ಬಂತು. ಪ್ಲಾಸ್ಟಿಕ್ ಬಾಚಣಿಗೆ ಸುಟ್ಟ ಹಾಗೆ. ನಾನು ಕೆಳಗಿಳಿದು ಬಂದೆ. ಬಾಗಿಲ ಹತ್ರ ನಿಂತಿದ್ದೆ. ನೀನು ಕಣ್ಣು ಮುಚ್ಕೊಂಡು ಮೂಸ್ತಿದ್ದೆ. ಒಳ್ಳೇ ಬಟ್ಟೆ ಅಂದೆ. ನಾನು ವಾಪಸ್ ಹತ್ಕೊಂಡು ಹೋದೆ."

ಅವಳು ಅಂಗಿಯ ಎದೆಯ ಸೀಳನ್ನು ಅಗಲ ಮಾಡಿ ತೋರಿಸಿದಳು. ಒಳಗೆ ದಪ್ಪ ಹತ್ತಿಯ ಬನಿಯನ್, ಕತ್ತಿನವರೆಗೆ ಏರಿಸಿ ತೊಟ್ಟದ್ದು, ಹಿಂಡದೆ ಹಾಕಿಕೊಂಡಂತೆ ಒದ್ದೆ. ನೀರು ಸೊಂಟಕ್ಕೆ ಇಳಿಯುತ್ತಿತ್ತು.

"ಪ್ರತಿ ಸಲ ನಿನ್ನ ತಪಾಸಣೆ ಮುಗಿದ ಮೇಲೆ ಕುಂಚದ ಬಕೆಟ್ಟಲ್ಲಿ ಅದ್ದಿ ಹಾಕ್ಕೋತೀನಿ. ಮೇ ತಿಂಗಳಿಂದ. ಒಂಬತ್ತು ಸಲ ಹಾರಿಸಿದೀವಿ."

ಟ್ಯಾಮ್ಸಿನ್ ಕೈ ಚಾಚಿ ಆ ಬನಿಯನ್ ಮುಟ್ಟಿದಳು. ತಣ್ಣಗಿತ್ತು. ಒಂಬತ್ತು ಸಲ ಈ ಹುಡುಗಿ ನೀರಿನ ಬನಿಯನ್ ತೊಟ್ಟು, ತಾಯಿ ಕೊಟ್ಟ ಅಂಗಿಯನ್ನು ಅದರ ಮೇಲೆ ಏರಿಸಿಕೊಂಡು, ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಂತಿದ್ದಳು. ಒಂಬತ್ತು ಸಲವೂ ತಾಯಿ ತಪಾಸಣೆ ಮಾಡಿ, ಬೆನ್ನು ತಟ್ಟಿ, ಸರಿ ಅಂದಿದ್ದಳು.

"ಹೇಳ್ಬಾರ್ದಿತ್ತೇನೇ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೋದ ವರ್ಷ ಒಂದು ಕಾಲರ್ ಉದ್ದ ಆಯ್ತೇನೋ ಅಂದಿದ್ದಕ್ಕೆ ಮೂರು ವಾರ ಮಾತು ಬಿಟ್ಟಿದ್ದೆ ನೀನು." ಕೆರೆನ್ಸಾ ಒದ್ದೆ ತೋಳಿನಿಂದ ಮೂಗು ಒರೆಸಿಕೊಂಡಳು. "ಜೋರಿ ಕೈ ನೋಡಿದಾಗಿಂದ ನನಗೂ ಅದೇ ಯೋಚನೆ. ಅವನಿಗಾದ್ರೂ ಹೇಳ್ಬೇಕಿತ್ತು. ಹೇಳೋಣ ಅಂತ ಎಷ್ಟು ಸಲ ಬಂದೆ ಗೊತ್ತಾ. ನಿನ್ನ ಮುಂದೆ ನಿಂತು ಹೇಳೋದಕ್ಕಿಂತ ತೋಪಿನ ಮುಂದೆ ನಿಂತ್ಕೊಳ್ಳೋದೇ ಸುಲಭ ಅನ್ನಿಸ್ತು ಅಮ್ಮ."

ಬೆಳಗಿನಿಂದ ಟ್ಯಾಮ್ಸಿನ್ ಕಿಡಿಗೆ ಹೆದರಿದ್ದಳು, ಬಟ್ಟೆಗೆ ಹೆದರಿದ್ದಳು, ಗುಟ್ಟು ರಟ್ಟಾಗುವುದಕ್ಕೆ ಹೆದರಿದ್ದಳು. ಈಗ ತನಗೇ ಹೆದರಿದಳು. ಮಗಳನ್ನು ತಬ್ಬಿಕೊಳ್ಳಲು ಹೋದವಳು, ಹುಡುಗಿ ಎಲ್ಲಿ ಬೆಚ್ಚಿ ಹಿಂದಕ್ಕೆ ಸರಿಯುತ್ತಾಳೋ ಎಂದು ಅರ್ಧಕ್ಕೇ ತಡೆದಳು. ಕೆರೆನ್ಸಾ ಹಿಂದಕ್ಕೂ ಸರಿಯಲಿಲ್ಲ, ಮುಂದಕ್ಕೂ ಬರಲಿಲ್ಲ.

ಹಾಸ್ಕೆನ್ ತೋಪಿನ ಪಕ್ಕ ಮದ್ದಿನ ಪೆಟ್ಟಿಗೆಯ ಬೀಗ ನೋಡುತ್ತಿದ್ದ. ಉಳಿದ ನಾಲ್ವರು ಕೋಟಿನೊಳಗೆ ಬೆವರುತ್ತ ನೆರಳು ಹುಡುಕಿಕೊಂಡು ಕೂತಿದ್ದರು. ಹಗ್ಗದ ಆಚೆ ಆಗಲೇ ಜನ ಚಾಪೆ ಹಾಸಿ ಜಾಗ ಹಿಡಿಯುತ್ತಿದ್ದರು. ಟ್ಯಾಮ್ಸಿನ್ ಐವರ ಎದುರಿಗೆ ಹೋಗಿ ನಿಂತು ಹೇಳಿದಳು. ಮೊದಲು ಮೂಗಿನ ಸಂಗತಿ, ಆಮೇಲೆ ಬಟ್ಟೆಯದು, ಕೊನೆಗೆ ಹಡಗಿನ ದಿನಚರಿ ಸುಳ್ಳು ಎಂದು. ಮಗಳಿಗೆ ಗೊತ್ತಿದ್ದದ್ದನ್ನು ಹೇಳಲಿಲ್ಲ. ಅದನ್ನು ಕೆರೆನ್ಸಾ ತಾನೇ ಪಕ್ಕಕ್ಕೆ ಬಂದು ನಿಂತು ಹೇಳಿದಳು.

ಜೋರಿ ತನ್ನ ತೋಳಿನ ತೇಪೆ ನೋಡಿಕೊಂಡ. ಹಾಸ್ಕೆನ್ ಪೆಟ್ಟಿಗೆಗೆ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಂಡ.

"ತೋಪು ಹಾರಲ್ಲ," ಅಂದ. "ಅಂಗಿ ಬಿಚ್ಚಿ ಎಲ್ಲರೂ."

ಅವನು ಬೈಯಲಿಲ್ಲ. ಬೈದಿದ್ದರೆ ಟ್ಯಾಮ್ಸಿನ್‌ಗೆ ಉಸಿರಾಡಲು ಸುಲಭವಾಗುತ್ತಿತ್ತು. ಒಬ್ಬೊಬ್ಬರೇ ಡೇರೆಗೆ ಹೋಗಿ ತಮ್ಮ ಮಾಮೂಲಿ ಟೀ ಶರ್ಟು ತೊಟ್ಟು ಬಂದು, ಚೌಕಳಿ ಅಂಗಿಯನ್ನು ಅವಳ ಕೈಗೆ ಇಟ್ಟರು. ಬಿಸಿಯಾಗಿದ್ದವು, ಬೆವರಿನಿಂದ ನೆಂದಿದ್ದವು. ಜೋರಿ ಕೊನೆಯವನು. ಅಂಗಿ ಕೊಟ್ಟು ಅಲ್ಲೇ ನಿಂತ.

"ಬೆವರು ಹೀರಲ್ಲ ಅಂತ ನನಗೂ ಅನ್ನಿಸ್ತಿತ್ತು ಅಡ್ಮಿರಲಮ್ಮ," ಅಂದ ನೆಲ ನೋಡುತ್ತ. "ಹಳೇ ಅಂಗಿ ಹೀರ್ತಿತ್ತು, ಇದರ ತೋಳು ಹೀರಲ್ಲ. ಕೇಳೋಣ ಅಂದ್ಕೊಂಡೆ."

"ಯಾಕೆ ಕೇಳ್ಲಿಲ್ಲ?"

ಜೋರಿ ಹಾಸ್ಕೆನ್‌ನ ಮುಖ ನೋಡಿದ. ಹಾಸ್ಕೆನ್ ಸಮುದ್ರದ ಕಡೆ ನೋಡಿದ. ಇಪ್ಪತ್ತೆರಡು ವರ್ಷದಲ್ಲಿ ಇವರಲ್ಲಿ ಒಬ್ಬರಾದರೂ ತನ್ನ ಹೊಲಿಗೆಯ ಮೇಲೆ ಬೆರಳಿಟ್ಟು ಇದು ತಪ್ಪು ಎಂದದ್ದು ಟ್ಯಾಮ್ಸಿನ್‌ಗೆ ನೆನಪಾಗಲಿಲ್ಲ. ತಪ್ಪೇ ಇಲ್ಲದ್ದರಿಂದ ಎಂದು ಅವಳು ತಿಳಿದಿದ್ದಳು. ಮದ್ದಿನ ಪೆಟ್ಟಿಗೆಯ ಮೇಲೇ ಕೂತಳು, ಅಂಗಿಗಳನ್ನು ಮಡಿಲಲ್ಲಿ ಹಾಕಿಕೊಂಡು.

"ಇನ್ನೂ ಏನೇನಿದೆ ಹೇಳಿ," ಅಂದಳು. "ನಾನು ಏನೂ ಅನ್ನಲ್ಲ."

ಯಾರೂ ನಂಬಲಿಲ್ಲ. ಮುಖ ಮುಖ ನೋಡಿಕೊಂಡರು. ಕೊನೆಗೆ ಜೋರಿ ಗಂಟಲು ಸರಿಮಾಡಿಕೊಂಡ.

"ಷರಾಯಿ," ಅಂದ. "ಕೂತ್ಕೊಂಡ್ರೆ ಹಿಂದೆ ಹಿಡಿಯುತ್ತೆ. ಆರು ವರ್ಷದಿಂದ."

"ನಂದೂ," ಅಂದ ಅವನ ಪಕ್ಕದವನು.

"ಟೋಪಿ ಸಡಿಲ," ಅಂದ ಇನ್ನೊಬ್ಬ. "ಒಳಗೆ ಕಾಗದ ತುರುಕಿದೀನಿ."

ಟ್ಯಾಮ್ಸಿನ್ ತಲೆಯಾಡಿಸಿದಳು. ಪ್ರತಿ ಮಾತೂ ಮೈಗೆ ಚುಚ್ಚಿತು. ಬಾಯಿಯ ತನಕ ಬಂದ ಉತ್ತರಗಳನ್ನು ಹಲ್ಲು ಕಚ್ಚಿ ನುಂಗಿದಳು. ಕೆರೆನ್ಸಾ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ, ತಾಯಿಗೆ ತಾಗಿಯೂ ತಾಗದಂತೆ ಕೂತಳು. ಹಾಸ್ಕೆನ್ ಹಗ್ಗದ ಹತ್ತಿರ ಹೋಗಿ ಜನರಿಗೆ ಇವತ್ತು ತೋಪು ಇಲ್ಲವೆಂದು ತಿಳಿಸಿ ಬಂದ. ಬಂದವನು ತನ್ನ ಕೋಟಿನ ಕಂಕುಳ ಹದಿನಾಲ್ಕು ವರ್ಷದಿಂದ ಕಚ್ಚುತ್ತಿದೆ ಎಂದ.